ಗಾಳಿಗೆ ಕಾದು ಕೂತವರು ಕಟ್ಟಿದ ಊರು: ಕ್ವಾನ್‌ಝೌ ಬಂದರಿನ ಕಥೆ ಮತ್ತು ಇವತ್ತಿನ ರಾಜಕೀಯ

ಚೀನಾದ ಆಗ್ನೇಯ ಕರಾವಳಿಯ ಕ್ವಾನ್‌ಝೌ ನಗರದಲ್ಲಿ ಕೈಯುವಾನ್ ಅನ್ನುವ ಬೌದ್ಧ ದೇವಾಲಯ ಇದೆ. ಕ್ರಿ.ಶ. 686ರಲ್ಲಿ ಶುರುವಾದದ್ದು. ಅದರ ದೊಡ್ಡ ಮಂಟಪದ ಹಿಂಬದಿಗೆ ಹೋದರೆ 16 ಮುಖದ ಎರಡು ಕಲ್ಲಿನ ಕಂಬಗಳು ಸಿಗುತ್ತವೆ. ಕಂಬದ ಮೇಲೆ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಿರುವ ನರಸಿಂಹ ಇದ್ದಾನೆ. ಗೋಪಿಯರ ಸೀರೆ ಕದ್ದು ಮರ ಹತ್ತಿದ ಕೃಷ್ಣ ಇದ್ದಾನೆ. ಮೊಸಳೆ ಬಾಯಿಂದ ಆನೆಯನ್ನು ಬಿಡಿಸಲು ಬಂದ ವಿಷ್ಣುವೂ ಇದ್ದಾನೆ. ಮಂಟಪದ ಜಗಲಿಯ ಅಂಚಿನಲ್ಲಿ ಮನುಷ್ಯ ಮುಖದ ಸಿಂಹಗಳ ಸಾಲು, ಎಪ್ಪತ್ತಕ್ಕೂ ಜಾಸ್ತಿ ಫಲಕಗಳು. ಒಳಗೆ ಬುದ್ಧನಿಗೆ ಊದುಬತ್ತಿ ಹಚ್ಚುತ್ತಾರೆ, ಹೊರಗೆ ಇವರೆಲ್ಲ ಸುಮ್ನೆ ನಿಂತಿದ್ದಾರೆ.

ಇವು ಈ ದೇವಾಲಯಕ್ಕೆಂದು ಮಾಡಿದ ಕಲ್ಲುಗಳಲ್ಲ. ಊರಲ್ಲೇ ಇದ್ದ ಒಂದು ಶಿವಾಲಯ 14ನೇ ಶತಮಾನದ ಗಲಾಟೆಯಲ್ಲಿ ಹಾಳಾಯಿತು. ಆಮೇಲೆ ಮಿಂಗ್ ರಾಜರ ಕಾಲದಲ್ಲಿ ಕೈಯುವಾನ್ ದುರಸ್ತಿ ಮಾಡುವಾಗ ಅದರ ಕಲ್ಲುಗಳನ್ನು ತಂದು ಇಲ್ಲಿ ಸೇರಿಸಿದರು. ಆ ಶಿವಾಲಯಕ್ಕೆ ಸಂಬಂಧಿಸಿದ ಒಂದು ತಮಿಳು ಶಾಸನ ಸಿಕ್ಕಿದೆ. ಅದರ ಕಾಲ 1281. ಆಗ ಚೀನಾವನ್ನು ಆಳುತ್ತಿದ್ದ ಮಂಗೋಲ ಖಾನನ ಆರೋಗ್ಯಕ್ಕಾಗಿ ಶಿವನನ್ನು ಪ್ರತಿಷ್ಠೆ ಮಾಡಿದ್ದೇವೆ ಅಂತ ಅದು ಹೇಳುತ್ತದೆ. ಕೊನೆಯಲ್ಲಿ ಒಂದು ಸಾಲು ಚೀನೀ ಲಿಪಿಯೂ ಇದೆ.

2021ರ ಜುಲೈ 25ರಂದು ಯುನೆಸ್ಕೊ ಈ ನಗರದ 22 ಜಾಗಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಮುಂಚೆ 2018ರಲ್ಲಿ ಚೀನಾ ಹಾಕಿದ್ದ ಅರ್ಜಿ ಪಾಸಾಗಿರಲಿಲ್ಲ. ಎರಡನೇ ಸಲ ಹಳೇ ಗುಡಿ-ಮಸೀದಿಗಳ ಜೊತೆಗೆ ಹಡಗುಕಟ್ಟೆ, ಸೇತುವೆ, ಪಿಂಗಾಣಿ ಭಟ್ಟಿ, ಕಬ್ಬಿಣ ಕರಗಿಸುವ ಜಾಗ, ಸುಂಕದ ಕಚೇರಿಯ ಅಡಿಪಾಯ ಎಲ್ಲವನ್ನೂ ಸೇರಿಸಿ, ಇಡೀ ಊರೇ ಒಂದು ವ್ಯಾಪಾರದ ಯಂತ್ರವಾಗಿತ್ತು ಅಂತ ತೋರಿಸಿದರು. ಈಗ ಅಲ್ಲಿ ಪ್ರವಾಸಿಗರ ಜಾತ್ರೆ. ಶುನ್‌ಪು ಅನ್ನುವ ಮೀನುಗಾರರ ಹಳ್ಳಿಗೆ ಹುಡುಗಿಯರು ಮುಗಿಬೀಳುತ್ತಾರೆ. ಅಲ್ಲಿನ ಹೆಂಗಸರು ತುರುಬಿನ ಸುತ್ತ ಹೂವಿನ ಬಳೆಗಳ ಹಾಗೆ ದಂಡೆ ಸುತ್ತಿಕೊಳ್ಳುತ್ತಾರೆ, ಅದೇ ರೀತಿ ಹೂ ಮುಡಿಸಿಕೊಂಡು ಫೋಟೊ ತೆಗೆಸಿಕೊಳ್ಳುವುದಕ್ಕೆ. ಆ ಹಳ್ಳಿಯ ಹಳೇ ಮನೆಗಳ ಗೋಡೆ ದೊಡ್ಡ ದೊಡ್ಡ ಸಿಂಪಿ ಚಿಪ್ಪಿನದು. ಸರಕು ಇಳಿಸಿ ಖಾಲಿಯಾದ ಹಡಗು ಅಲೆಗೆ ಹೊಯ್ದಾಡದಿರಲಿ ಅಂತ ತಳದಲ್ಲಿ ಭಾರಕ್ಕೆ ತುಂಬಿ ತಂದ ಚಿಪ್ಪು ಅಂತ ಊರಿನವರು ಹೇಳುತ್ತಾರೆ.

ಇಷ್ಟೊಂದು ಜನ, ಇಷ್ಟೊಂದು ದೇವರು ಈ ಒಂದೇ ಊರಿಗೆ ಯಾಕೆ ಬಂದರು? ನಕಾಶೆ ನೋಡಿ, ಒಳ್ಳೆಯ ಬಂದರು ಅಲ್ವಾ ಅಂತ ಹೇಳಿ ಮುಗಿಸಬಹುದು. ಆದರೆ ಒಳ್ಳೆಯ ಬಂದರು ಇದ್ದ ಊರುಗಳು ಚೀನಾದಲ್ಲಿ ಬೇಕಾದಷ್ಟಿವೆ. ನನ್ನ ಪ್ರಕಾರ ಕ್ವಾನ್‌ಝೌನ ಗುಟ್ಟು ಎರಡು. ಒಂದು, ಬೆನ್ನಿಗೆ ಇರುವ ಬೆಟ್ಟ. ಇನ್ನೊಂದು, ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುವ ಗಾಳಿ.

ಬೆಟ್ಟದ ವಿಷಯ ಮೊದಲು. ಫುಜಿಯಾನ್ ಪ್ರಾಂತ್ಯದ ಬಗ್ಗೆ ಚೀನೀಯರಲ್ಲಿ ಒಂದು ಮಾತಿದೆ: ಎಂಟು ಪಾಲು ಬೆಟ್ಟ, ಒಂದು ಪಾಲು ನೀರು, ಒಂದು ಪಾಲು ಗದ್ದೆ. ಒಳನಾಡಿನ ಚೀನಾಕ್ಕೆ ಹೋಗುವ ದಾರಿ ಕಷ್ಟ, ಸಮುದ್ರದ ದಾರಿ ಸುಲಭ. ಹೊಟ್ಟೆಗೆ ಸಾಕಾಗುವಷ್ಟು ಭತ್ತ ಬೆಳೆಯುವುದಿಲ್ಲ. ಹಾಗಾಗಿ ಏನಾದರೂ ಮಾಡಿ, ಮಾರಿ, ಅಕ್ಕಿ ತರಬೇಕು. ಬೆಟ್ಟದ ದೆಹುವಾದಲ್ಲಿ ಬೆಳ್ಳಗಿನ ಪಿಂಗಾಣಿಗೆ ಬೇಕಾದ ಜೇಡಿ, ಆನ್‌ಶಿಯಲ್ಲಿ ಕಬ್ಬಿಣದ ಅದಿರು ಮತ್ತು ಚಹಾ. ಎಲ್ಲವೂ ನದಿಯ ಮೇಲೆ ತೇಲಿಕೊಂಡು ಬಂದರಿಗೆ ಬರುತ್ತಿತ್ತು. ನದಿ ಅಡ್ಡ ಬಂದ ಕಡೆ ಸೇತುವೆ ಹಾಕಿದರು. ಲುವೊಯಾಂಗ್ ನದಿ ಸಮುದ್ರ ಸೇರುವ ಜಾಗದಲ್ಲಿ 1053ರಿಂದ 1059ರವರೆಗೆ ಕಟ್ಟಿದ ಕಲ್ಲಿನ ಸೇತುವೆ ಈಗಲೂ ಇದೆ. ಉಬ್ಬರ ಇಳಿತದ ಸೆಳೆತಕ್ಕೆ ಕಂಬಗಳು ನಿಲ್ಲುತ್ತಿರಲಿಲ್ಲ. ಅದಕ್ಕೆ ನದಿಯ ಅಡ್ಡಕ್ಕೂ ಕಲ್ಲು ಸುರಿದು ತಳ ಮಾಡಿದರು, ಆಮೇಲೆ ಆ ಕಲ್ಲುಗಳ ಮೇಲೆ ಸಿಂಪಿ ಬೆಳೆಸಿದರು. ಸಿಂಪಿಗಳು ಬೆಳೆಯುತ್ತಾ ಕಲ್ಲಿಗೆ ಕಲ್ಲನ್ನು ಅಂಟಿಸಿಬಿಟ್ಟವು. ಇನ್ನೊಂದು ಸೇತುವೆ, 1138ರಿಂದ 1151ರ ನಡುವೆ ಕಟ್ಟಿದ ಆನ್‌ಪಿಂಗ್, ಎರಡು ಕಿಲೋಮೀಟರಿಗಿಂತ ಉದ್ದ ಇದೆ. ಸುಮ್ನೆ ಶೋಕಿಗೆ ಯಾರೂ ಅಷ್ಟು ಕಲ್ಲು ಹೊರುವುದಿಲ್ಲ.

ಇನ್ನು ಗಾಳಿ. ನಮಗೆ ಮುಂಗಾರು ಅಂದರೆ ಮಳೆ. ಹಾಯಿ ಹಡಗಿನವರಿಗೆ ಅದು ರಸ್ತೆ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಬೀಸುತ್ತದೆ, ಕ್ವಾನ್‌ಝೌನ ಹಡಗುಗಳು ದಕ್ಷಿಣಕ್ಕೆ, ವಿಯೆಟ್ನಾಂ, ಸುಮಾತ್ರಾ ಕಡೆಗೆ ಹೊರಡುತ್ತವೆ. ಬೇಸಿಗೆಯಲ್ಲಿ ನೈಋತ್ಯದ ಗಾಳಿ ಬೀಸಿದಾಗ ವಾಪಸ್. ನಗರದ ಹತ್ತಿರದ ಜಿಯುರಿ ಬೆಟ್ಟದ ಬಂಡೆಗಳ ಮೇಲೆ ಇದರ ದಾಖಲೆ ಇದೆ. ಊರಿನ ಅಧಿಕಾರಿಗಳು, ಸುಂಕದ ಕಚೇರಿಯ ಅಧಿಕಾರಿಗಳು ಎಲ್ಲರೂ ಬೆಟ್ಟಕ್ಕೆ ಬಂದು ಒಳ್ಳೆಯ ಗಾಳಿ ಬೀಸಲಿ ಅಂತ ಪೂಜೆ ಮಾಡಿ, ಯಾರ್ಯಾರು ಬಂದಿದ್ದರು ಅಂತ ಕಲ್ಲಲ್ಲಿ ಕೆತ್ತಿಸಿದ್ದಾರೆ. 1174ರಿಂದ 1266ರವರೆಗಿನ ಇಂಥ ಹತ್ತು ಬರಹಗಳು ಉಳಿದಿವೆ. ಭಕ್ತಿಯೂ ಇತ್ತು ಅನ್ನಿ. ಆದರೆ ಗಾಳಿ ಕೈಕೊಟ್ಟರೆ ಹಡಗು ಬರುವುದಿಲ್ಲ, ಹಡಗು ಬರದಿದ್ದರೆ ಸುಂಕ ಬರುವುದಿಲ್ಲ. ಸರ್ಕಾರ ಗಾಳಿಗೆ ಕೈಮುಗಿಯಲು ಅದೇ ಕಾರಣ ಸಾಕಿತ್ತು.

ಈ ಗಾಳಿಯಿಂದ ಒಂದು ಪರಿಣಾಮ ಆಯಿತು, ಅದನ್ನು ವ್ಯಾಪಾರದ ಲೆಕ್ಕ ಬರೆಯುವವರು ಅಷ್ಟಾಗಿ ಗಮನಿಸುವುದಿಲ್ಲ. ಬೇಸಿಗೆಯಲ್ಲಿ ಬಂದ ಪರ್ಷಿಯಾದ ವ್ಯಾಪಾರಿ ಸರಕು ಮಾರಿದ ಮಾರನೇ ದಿನ ಹೊರಡುವ ಹಾಗಿರಲಿಲ್ಲ. ಚಳಿಗಾಲದ ಗಾಳಿ ಬರುವವರೆಗೆ ತಿಂಗಳುಗಟ್ಟಲೆ ಅಲ್ಲೇ ಇರಬೇಕು. ತಡವಾಗಿ ಬಂದವನು ಆ ಗಾಳಿಯನ್ನೂ ತಪ್ಪಿಸಿಕೊಂಡರೆ ಇನ್ನೊಂದು ವರ್ಷ. ಅಷ್ಟು ದಿನ ಇರುವವನಿಗೆ ಮನೆ ಬೇಕು, ಅಡುಗೆ ಬೇಕು, ಪ್ರಾರ್ಥನೆಗೆ ಜಾಗ ಬೇಕು. ಕೆಲವರು ಅಲ್ಲೇ ಮದುವೆ ಆದರು. ಕೆಲವರು ಅಲ್ಲೇ ಸತ್ತರು, ಹೂಳಲು ಜಾಗ ಬೇಕಾಯಿತು. ಕ್ವಾನ್‌ಝೌನಲ್ಲಿ ಸಿಕ್ಕಿದ ಅರಬ್ಬಿ ಬರಹದ ಗೋರಿ ಕಲ್ಲುಗಳಲ್ಲಿ ಶಿರಾಜ್, ಇಸ್ಫಹಾನ್, ಬುಖಾರಾ ಮೂಲದ ಹೆಸರುಗಳಿವೆ. ಚಿಂಗ್‌ಜಿಂಗ್ ಮಸೀದಿಯ ಬಾಗಿಲ ಬರಹದ ಪ್ರಕಾರ ಅದು ಹಿಜರಿ 400ರಲ್ಲಿ, ಅಂದರೆ 1009-10ರ ಹೊತ್ತಿಗೆ ಶುರುವಾಗಿ 1310ರಲ್ಲಿ ಶಿರಾಜಿನ ಒಬ್ಬರಿಂದ ದುರಸ್ತಿಯಾಯಿತು. ಊರ ಹೊರಗೆ ಹಳೇ ಪರ್ಷಿಯಾದ ಪ್ರವಾದಿ ಮಾನಿಯ ಪಂಥದವರ ಗುಡಿ ಇದೆ, ಅಲ್ಲಿ 1339ರಲ್ಲಿ ಕೆತ್ತಿದ ಮಾನಿಯ ಮೂರ್ತಿಯನ್ನು ಜನ ಬೆಳಕಿನ ಬುದ್ಧ ಅಂತ ಪೂಜಿಸುತ್ತಾರೆ. ಆ ಧರ್ಮ ಜಗತ್ತಿನ ಎಲ್ಲ ಕಡೆ ಅಳಿದಿದೆ, ಮೂರ್ತಿ ಮಾತ್ರ ಇಲ್ಲಿ ಕೂತಿದೆ. ಇಟಲಿಯಿಂದ ಬಂದ ಕ್ರೈಸ್ತ ಬಿಷಪ್ ಒಬ್ಬರ ಗೋರಿ ಕಲ್ಲೂ ಸಿಕ್ಕಿದೆ.

ನಿಂತು ಹೋಗುವ ಬಂದರಿನಲ್ಲಿ ಸರಕು ಕೈ ಬದಲಾಗುತ್ತದೆ ಅಷ್ಟೆ. ಕಾದು ಕೂರುವ ಬಂದರಿನಲ್ಲಿ ಮನೆತನಗಳು ಬೆಳೆಯುತ್ತವೆ. ಕ್ವಾನ್‌ಝೌ ಎರಡನೇ ಥರದ್ದು.

ಆದರೆ ಗಾಳಿ, ಬೆಟ್ಟ ಮುಂಚೆಯೂ ಇದ್ದವು. ಸರ್ಕಾರದ ತೀರ್ಮಾನ ಸೇರಿದಾಗಲೇ ಊರು ಮೇಲೆದ್ದದ್ದು. ಗುವಾಂಗ್‌ಝೌನಲ್ಲಿ ಸಮುದ್ರ ವ್ಯಾಪಾರದ ಕಚೇರಿ 971ರಲ್ಲೇ ಇತ್ತು. ಕ್ವಾನ್‌ಝೌಗೆ ಅದು ಸಿಕ್ಕಿದ್ದು 1087ರಲ್ಲಿ. ಅಲ್ಲಿಯವರೆಗೆ ಇಲ್ಲಿನ ಹಡಗಿನವರು ಕಾಗದ ಪತ್ರ ಮಾಡಿಸಲು ಬೇರೆ ಬಂದರಿಗೆ ಅಲೆಯಬೇಕಿತ್ತು. 1127ರಲ್ಲಿ ಉತ್ತರ ಚೀನಾ ಮಂಚೂರಿಯಾ ಕಡೆಯ ಜುರ್ಚೆನ್ ಜನರ ಕೈಗೆ ಹೋಯಿತು. ಸಾಂಗ್ ರಾಜರು ದಕ್ಷಿಣಕ್ಕೆ ಓಡಿ ಬಂದು ಹಾಂಗ್‌ಝೌನಲ್ಲಿ ನೆಲೆಯಾದರು. ಒಂದೇ ಏಟಿಗೆ ರಾಜಧಾನಿ ಕ್ವಾನ್‌ಝೌಗೆ ಹತ್ತಿರ ಬಂತು. ರಾಜವಂಶದ ದೊಡ್ಡ ಕವಲೊಂದನ್ನು ಇದೇ ಊರಿಗೆ ಕಳಿಸಿದರು. ಉತ್ತರದ ಭೂಮಿ ಕಂದಾಯ ಕಳಕೊಂಡ ಸರ್ಕಾರಕ್ಕೆ ಸಮುದ್ರದ ಸುಂಕ ಬೇಕೇ ಬೇಕಿತ್ತು. ಸುಗಂಧದ ಮರ, ಮೆಣಸು, ದಂತ ಕೊಳ್ಳುವ ಶ್ರೀಮಂತರು ಈಗ ಬಂದರಿನ ಪಕ್ಕದಲ್ಲೇ ಇದ್ದರು. 1225ರಲ್ಲಿ ಇಲ್ಲಿನ ಸುಂಕದ ಅಧಿಕಾರಿ ಝಾವೊ ರುಕುವೊ ಹೊರದೇಶಗಳ ಬಗ್ಗೆ ಒಂದು ವಿವರಣೆ ಬರೆದ. ಮಲಬಾರಿನಿಂದ ಹಿಡಿದು ಈಜಿಪ್ಟಿನವರೆಗೆ ಅದರಲ್ಲಿದೆ. ಇಷ್ಟನ್ನೂ ಅವನು ಬಂದರಿನಲ್ಲಿ ವ್ಯಾಪಾರಿಗಳನ್ನು ಕೇಳಿ, ಹಳೇ ಬರಹ ನೋಡಿ ಬರೆದದ್ದು.

ಸರಕು ಹೇಗಿರುತ್ತಿತ್ತು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1974ರಲ್ಲಿ. ಹೌಝು ಹಡಗುಕಟ್ಟೆಯ ಕೆಸರಿನಿಂದ 1270ರ ದಶಕದ ಒಂದು ಹಡಗನ್ನು ಅಗೆದು ತೆಗೆದರು. ಉಳಿದ ಭಾಗವೇ 24 ಮೀಟರ್ ಉದ್ದ, ಒಳಗೆ ಅಡ್ಡ ಹಲಗೆ ಹಾಕಿ ಮಾಡಿದ 13 ಕೋಣೆಗಳು. ಒಂದು ಕಡೆ ತೂತಾದರೂ ಮುಳುಗದ ಹಾಗೆ ಆ ವ್ಯವಸ್ಥೆ. ಒಳಗೆ ಎರಡು ಟನ್ನಿಗೂ ಜಾಸ್ತಿ ಸುಗಂಧದ ಮರ, ಮೆಣಸು, ಕವಡೆ, ಆಮೆ ಚಿಪ್ಪು, ಧೂಪ. ಜೊತೆಗೆ ಯಾರ ಸರಕು ಯಾವುದು ಅಂತ ಬರೆದ ಮರದ ಚೀಟಿಗಳು. ನಮ್ಮ ಲಾರಿ ಆಫೀಸಿನಲ್ಲಿ ಗೋಣಿಗೆ ಕಟ್ಟುವ ಚೀಟಿ ಇದ್ದ ಹಾಗೆಯೇ.

ಮೆಣಸು ಅಂದ ಕೂಡಲೇ ನಮ್ಮ ಕರಾವಳಿ ಬರಲೇಬೇಕು. ಅರಬರು ಈ ಊರನ್ನು ಝೈತೂನ್ ಅನ್ನುತ್ತಿದ್ದರು. ಮಾರ್ಕೊ ಪೋಲೊ ಹೇಳುವ ಪ್ರಕಾರ ಯುರೋಪಿಗಾಗಿ ಅಲೆಕ್ಸಾಂಡ್ರಿಯಾಕ್ಕೆ ಒಂದು ಹಡಗು ಮೆಣಸು ಹೋದರೆ ಝೈತೂನಿಗೆ ನೂರು ಹಡಗು ಬರುತ್ತದೆ. ಅವನ ಲೆಕ್ಕ ಯಾವಾಗಲೂ ಸ್ವಲ್ಪ ದೊಡ್ಡದೇ. 1340ರ ದಶಕದಲ್ಲಿ ಇಲ್ಲಿ ಇಳಿದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಕೂಡ ಜಗತ್ತಿನ ಅತಿ ದೊಡ್ಡ ಬಂದರುಗಳಲ್ಲಿ ಇದೊಂದು ಅಂತ ಬರೆದಿದ್ದಾನೆ. ಚೀನೀ ಹಡಗುಗಳು ಭಾರತದಲ್ಲಿ ನಿಲ್ಲುವುದು ಕೊಲ್ಲಂ, ಕೋಳಿಕ್ಕೋಡು ಮತ್ತು ಏಳಿಮಲೆ ಹತ್ತಿರದ ಹಿಲಿಯಲ್ಲಿ ಅಂತಲೂ ಅವನೇ ಹೇಳಿದ್ದು. ಅಂದರೆ ಮಂಗಳೂರಿಗಿಂತ ಸ್ವಲ್ಪ ದಕ್ಷಿಣದವರೆಗೆ ಅವರ ಹಡಗು ಬರುತ್ತಿತ್ತು.

ಕರ್ನಾಟಕದ ಇನ್ನೊಂದು ಎಳೆಯೂ ಈ ದಾರಿಯಲ್ಲಿದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಹುಟ್ಟಿದ ಅಯ್ಯಾವೊಳೆ ಐನೂರ್ವರ ಸಂಘ ದಕ್ಷಿಣ ಭಾರತದ ಅತಿ ದೊಡ್ಡ ವ್ಯಾಪಾರಿ ಸಂಘ ಆಗಿತ್ತು. ಅವರ ತಮಿಳು ಬಳಗ ಸುಮಾತ್ರಾದ ಬಾರೂಸಿನಲ್ಲಿ 1088ರಲ್ಲಿ ಶಾಸನ ಹಾಕಿಸಿದೆ. ಕ್ವಾನ್‌ಝೌಗೆ ವ್ಯಾಪಾರದ ಕಚೇರಿ ಸಿಕ್ಕಿ ಆಗಿನ್ನೂ ಒಂದು ವರ್ಷ. ಬಾರೂಸ್ ಕರ್ಪೂರಕ್ಕೆ ಹೆಸರುವಾಸಿ, ಎರಡೂ ಕಡೆಯ ವ್ಯಾಪಾರಿಗಳಿಗೆ ಬೇಕಾದ ಸರಕು. ಹಾಗಂತ ಕ್ವಾನ್‌ಝೌನ ಶಿವಾಲಯ ಐಹೊಳೆಯವರದ್ದೇ ಅಂತ ಎದೆ ತಟ್ಟಿಕೊಳ್ಳುವುದು ಬೇಡ. ಅಲ್ಲಿನ ಶಾಸನ ತಮಿಳಿನದು, ಶಿಲ್ಪದ ಶೈಲಿಯೂ ಚೋಳರ ಕಡೆಯದು. ಕಲ್ಲು ಮಾತ್ರ ಅಲ್ಲಿಯದೇ.

ಈ ಕಲ್ಲುಗಳು ಉಳಿದದ್ದು ಒಬ್ಬ ಮೇಷ್ಟ್ರಿಂದ. ಕಳೆದ ಶತಮಾನದ ಮೊದಲರ್ಧದಲ್ಲಿ ನಗರದ ಹಳೇ ಕೋಟೆ ಗೋಡೆ ಕೆಡವಿದರು. ಗೋಡೆಗೆ ತುಂಬಿದ್ದ ಕಲ್ಲುಗಳಲ್ಲಿ ಅರಬ್ಬಿ ಬರಹ, ಶಿಲುಬೆ, ರೆಕ್ಕೆಯ ದೇವತೆಗಳು ಕಾಣಿಸಿಕೊಂಡವು. ಜನ ಅವನ್ನು ಮನೆಯ ಪಾಯಕ್ಕೆ ಒಯ್ಯುತ್ತಿದ್ದರು. ವೂ ವೆನ್‌ಲಿಯಾಂಗ್ ಅನ್ನುವ ಜೀವಶಾಸ್ತ್ರದ ಮೇಷ್ಟ್ರು ಕೈಯಿಂದ ದುಡ್ಡು ಹಾಕಿ ಅವನ್ನು ಕೊಂಡು, ಮನೆಯಲ್ಲಿ ಜೋಡಿಸಿಟ್ಟು, ಆಮೇಲೆ ಸರ್ಕಾರಕ್ಕೆ ಕೊಟ್ಟುಬಿಟ್ಟರು. 1957ರಲ್ಲಿ ಅವುಗಳ ವಿವರ ಪ್ರಕಟವಾಯಿತು. ಇವತ್ತು ಯುನೆಸ್ಕೊ ಮುಂದೆ ಇಟ್ಟ ಸಾಕ್ಷಿಯ ದೊಡ್ಡ ಭಾಗ ಅವರು ಹೆಕ್ಕಿದ್ದು.

ಬಂದರು ಬಿದ್ದದ್ದು ಹೇಗೆ ಅನ್ನುವುದರಲ್ಲೂ ಸರ್ಕಾರದ ಕೈ ಕಾಣುತ್ತದೆ. ಅರಬ್ ಅಥವಾ ಪರ್ಷಿಯನ್ ಮೂಲದ ಪು ಶೌಗೆಂಗ್ ಸಾಂಗ್ ರಾಜರ ಕಾಲದಲ್ಲಿ ಇಲ್ಲಿನ ಸಮುದ್ರ ವ್ಯಾಪಾರದ ಮೇಲಧಿಕಾರಿ ಆಗಿದ್ದ. 1276ರಲ್ಲಿ ಮಂಗೋಲರ ಕಡೆ ಸೇರಿದ. ಊರಲ್ಲಿದ್ದ ರಾಜವಂಶದವರ ಕೊಲೆ ಆಯಿತು. ಮಂಗೋಲರ ಆಳ್ವಿಕೆಯಲ್ಲಿ ಹೊರಗಿನ ವ್ಯಾಪಾರಿಗಳಿಗೆ ಇನ್ನೂ ಒಳ್ಳೆಯ ಕಾಲ. ಅದೇ ಕೊನೆಗೆ ಮುಳುವಾಯಿತು. 1357ರಿಂದ 1366ರವರೆಗೆ ಪರ್ಷಿಯನ್ ಸೈನಿಕರ ದಂಗೆ ನಡೆಯಿತು, ಅದರ ಬೆನ್ನಿಗೆ ವಿದೇಶಿಯರ ಮೇಲೆ ಸೇಡಿನ ಹತ್ಯೆ. ಆಮೇಲೆ ಬಂದ ಮಿಂಗ್ ರಾಜರು ಖಾಸಗಿ ಸಮುದ್ರಯಾನವನ್ನೇ ನಿಷೇಧಿಸಿದರು. ಹೊಳೆ ಹೂಳು ತುಂಬಿದ್ದೂ ನಿಜ, ಆದರೆ ಹೂಳಿಗಿಂತ ಕಾನೂನು ಜೋರಾಗಿತ್ತು. 1470ರ ದಶಕದಲ್ಲಿ ಸುಂಕದ ಕಚೇರಿಯೂ ಫುಝೌಗೆ ಹೋಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ನನಗೆ ಜಾಸ್ತಿ ಕುತೂಹಲದ ಭಾಗ ಇಲ್ಲಿಂದ ಶುರುವಾಗುತ್ತದೆ.

ಬಂದರು ಸತ್ತರೂ ಬೆಟ್ಟ ಅಲ್ಲೇ ಇತ್ತು. ಗದ್ದೆ ಹೆಚ್ಚಾಗಲಿಲ್ಲ, ಜನ ಹೆಚ್ಚಾದರು. ಜಗತ್ತು ಒಳಗೆ ಬರುವುದು ನಿಂತಾಗ ಜನ ಹೊರಗೆ ಹೋಗತೊಡಗಿದರು. ಮೊದಲು ಕದ್ದುಮುಚ್ಚಿ, 1567ರಲ್ಲಿ ಪಕ್ಕದ ಝಾಂಗ್‌ಝೌನ ಯುಯೆಗಾಂಗ್ ಬಂದರು ತೆರೆದ ಮೇಲೆ ರಾಜಾರೋಷವಾಗಿ. ಸ್ಪೇನಿನವರು ಮನಿಲಾದಲ್ಲಿ ನೆಲೆಯಾದಾಗ ಅಲ್ಲಿಗೆ ರೇಷ್ಮೆ ಒಯ್ದು ಬೆಳ್ಳಿ ತಂದವರು ಈ ಕಡೆಯ ಫುಜಿಯಾನ್ ಜನವೇ. ಫಿಲಿಪೀನ್ಸಿನ ಚೀನೀ ಮನೆತನಗಳಲ್ಲಿ ಬಹುಪಾಲು ಕ್ವಾನ್‌ಝೌ ಸುತ್ತಮುತ್ತಲಿನವು. ಸಿಂಗಪುರ, ಮಲೇಷ್ಯಾ, ಜಾವಾದಲ್ಲೂ ಅವರ ಹೊಕ್ಕಿಯೆನ್ ಮಾತು ಕೇಳಿಸುತ್ತದೆ. ಕ್ವಾನ್‌ಝೌನ ಪಕ್ಕದ ಮೇಝೌ ದ್ವೀಪದ ಸಮುದ್ರ ದೇವತೆ ಮಾಜು ಅವರ ಜೊತೆಗೇ ಹಡಗು ಹತ್ತಿದಳು. ಕೈಗೆ ತೊಟ್ಟು ಆಡಿಸುವ ಗೊಂಬೆಯಾಟ ಇಲ್ಲಿಂದ ತೈವಾನಿಗೆ ಹೋಗಿ ಅಲ್ಲಿ ಟಿವಿ ತಾರೆಯಾಯಿತು, ಜಾವಾಕ್ಕೆ ಹೋಗಿ ಅಲ್ಲಿನ ವಯಾಂಗ್ ಅನ್ನುವ ಗೊಂಬೆಯಾಟಗಳಲ್ಲಿ ಒಂದಾಯಿತು. ಕ್ವಾನ್‌ಝೌನ ನಾನ್‌ಯಿನ್ ಸಂಗೀತ, ನಿಧಾನ, ಕೊಳಲು ಮತ್ತು ಅಡ್ಡ ಹಿಡಿದು ನುಡಿಸುವ ತಂತಿವಾದ್ಯದ ಹಾಡುಗಾರಿಕೆ, ಚೀನಾದಷ್ಟೇ ಶ್ರದ್ಧೆಯಿಂದ ಮನಿಲಾ, ಸಿಂಗಪುರದ ಕ್ಲಬ್ಬುಗಳಲ್ಲಿ ಉಳಿಯಿತು.

ಹೊರಗೆ ಹೋದವರ ದುಡ್ಡು ಪತ್ರಗಳ ಜೊತೆಗೆ ಊರಿಗೆ ಬರುತ್ತಿತ್ತು. ಆ ಪತ್ರಗಳನ್ನೂ 2013ರಲ್ಲಿ ಯುನೆಸ್ಕೊ ತನ್ನ ದಾಖಲೆಗಳ ಪಟ್ಟಿಗೆ ಸೇರಿಸಿದೆ. 1980ರ ದಶಕದಲ್ಲಿ ಚೀನಾ ಬಾಗಿಲು ತೆರೆದಾಗ ಕ್ವಾನ್‌ಝೌನ ಜಿನ್‌ಜಿಯಾಂಗ್ ಭಾಗದಲ್ಲಿ ಮನೆಮನೆಯಲ್ಲಿ ಬಟ್ಟೆ, ಶೂ ಕಾರ್ಖಾನೆ ಎದ್ದವು. ಬಂಡವಾಳ, ಮಾದರಿ, ಆರ್ಡರ್ ಎಲ್ಲಕ್ಕೂ ಹೊರದೇಶದ ನೆಂಟರಿದ್ದರು. 1991ರಲ್ಲಿ ಅಲ್ಲೇ ಹುಟ್ಟಿದ ಆಂತಾ ಈಗ ಜಗತ್ತಿನ ದೊಡ್ಡ ಕ್ರೀಡಾ ಉಡುಪು ಕಂಪನಿಗಳಲ್ಲಿ ಒಂದು. ಶೂಗಳಿಗೆ ಹೆಸರಾದ ಚೆನ್‌ದಾಯ್ ಪಟ್ಟಣದಲ್ಲಿ ಡಿಂಗ್ ಮನೆತನದವರು ಸಾವಿರಾರು ಜನ ಇದ್ದಾರೆ. ಗಾಳಿಗೆ ಕಾದು ಕೂತ ಮುಸ್ಲಿಂ ವ್ಯಾಪಾರಿಗಳ ವಂಶದವರು. ಬಹಳಷ್ಟು ಜನ ಈಗ ನಮಾಜು ಮಾಡುವುದಿಲ್ಲ, ಹಂದಿ ಮಾಂಸವನ್ನೂ ತಿನ್ನುತ್ತಾರೆ. ಆದರೆ ಹಿರಿಯರಿಗೆ ಎಡೆ ಇಡುವ ದಿನ ಹಂದಿ ಮಾಂಸ ಇಡುವುದಿಲ್ಲ. ಸತ್ತವರು ಮುಸ್ಲಿಮರಾಗಿದ್ದರಲ್ಲ, ಅವರಿಗೆ ಆಗದು.

ಈಗಿನ ರಾಜಕೀಯಕ್ಕೆ ಬರೋಣ. 2013ರಲ್ಲಿ ಷಿ ಜಿನ್‌ಪಿಂಗ್ ಜಕಾರ್ತಾದಲ್ಲಿ 21ನೇ ಶತಮಾನದ ಸಮುದ್ರ ರೇಷ್ಮೆ ದಾರಿಯ ಮಾತೆತ್ತಿದ ಮೇಲೆ ಕ್ವಾನ್‌ಝೌಗೆ ಬೆಲೆ ಬಂತು. ಹಳೇ ಕಾಲದ ಈ ಬಂದರನ್ನು ಶಾಂತಿ, ಸಹಬಾಳ್ವೆಯ ಕಥೆಯಾಗಿ ಹೇಳುತ್ತಾರೆ. ಅರ್ಧ ನಿಜ. ಕುಬ್ಲಾಯ್ ಖಾನ್ ಜಾವಾದ ಮೇಲೆ ದಂಡು ಕಳಿಸಿದ್ದು ಇದೇ ಬಂದರಿನಿಂದ, 1292ರಲ್ಲಿ. 1357ರಲ್ಲಿ ಶುರುವಾದ ಆ ಹತ್ತು ವರ್ಷದ ದಂಗೆ, ಹತ್ಯೆಗಳು ಪ್ರವಾಸಿ ಫಲಕಗಳ ಕಥೆಗೆ ಹೊಂದುವುದಿಲ್ಲ.

ಸರ್ಕಾರಕ್ಕೆ ಇನ್ನೂ ಮುಖ್ಯವಾದ ಕಥೆ ತೈವಾನಿನದು. ಕ್ವಾನ್‌ಝೌನಿಂದ ತೈವಾನಿನ ಪಶ್ಚಿಮ ಕರಾವಳಿ ಸುಮಾರು 200 ಕಿ.ಮೀ. 1662ರಲ್ಲಿ ಡಚ್ಚರನ್ನು ತೈವಾನಿನಿಂದ ಓಡಿಸಿದ ಝೆಂಗ್ ಚೆಂಗ್‌ಗಾಂಗ್ ಮನೆತನ ಇದೇ ಕ್ವಾನ್‌ಝೌನ ಶಿಜಿಂಗ್‌ನದು. ಆಮೇಲೆ ತೈವಾನಿಗೆ ಹೋದ ಚೀನೀಯರಲ್ಲಿ ಅತಿ ದೊಡ್ಡ ಗುಂಪು ಕ್ವಾನ್‌ಝೌನವರದ್ದು. ತೈಪೆಯ ಪ್ರಸಿದ್ಧ ಲಾಂಗ್‌ಶಾನ್ ದೇವಾಲಯ 1738ರಲ್ಲಿ ಕ್ವಾನ್‌ಝೌನ ಆನ್‌ಹಾಯ್ ದೇವಾಲಯದ ಕವಲಾಗಿ ಶುರುವಾದದ್ದು. ಹೀಗಾಗಿ ಒಂದೇ ಮಾತು, ಒಂದೇ ದೇವರು, ಒಂದೇ ಪೂರ್ವಿಕರು ಅನ್ನುವ ವಾದ ಬೀಜಿಂಗಿಗೆ ತುಂಬಾ ಅನುಕೂಲ. 2023ರ ಸೆಪ್ಟೆಂಬರಿನಲ್ಲಿ ಫುಜಿಯಾನ್ ಪ್ರಾಂತ್ಯವನ್ನು ತೈವಾನ್ ಜೊತೆಗಿನ ಬೆಸುಗೆಯ ಮಾದರಿ ವಲಯ ಅಂತ ಘೋಷಿಸಿದ ಯೋಜನೆಯ ಹಿಂದೆ ಈ ಲೆಕ್ಕವೂ ಇದೆ.

ಲೆಕ್ಕದಲ್ಲಿ ಒಂದು ತಪ್ಪಿದೆ ಅಂತ ನನಗನ್ನಿಸುತ್ತದೆ. ಈ ಕರಾವಳಿಯ ಜನ ಬೀಜಿಂಗಿನ ಅಪ್ಪಣೆ ಪಡೆದು ಸಂಸ್ಕೃತಿ ಹರಡಿದವರಲ್ಲ. ಬಹುಪಾಲು ಅದನ್ನು ಧಿಕ್ಕರಿಸಿ ಹೋದವರು. ತೈವಾನಿಗೆ ಹೋದ ಮೇಲೂ ಒಗ್ಗಟ್ಟಾಗಿರಲಿಲ್ಲ. ಕ್ವಾನ್‌ಝೌನವರು ಮತ್ತು ಝಾಂಗ್‌ಝೌನವರು ಜಮೀನಿಗಾಗಿ, ನೀರಿಗಾಗಿ ಊರೂರು ಸುಟ್ಟುಕೊಂಡು ಹೊಡೆದಾಡಿದ್ದಾರೆ. ಒಂದೇ ದೇವತೆಗೆ ಕೈಮುಗಿಯುವವರು ಒಂದೇ ಪಕ್ಷಕ್ಕೆ ಮತ ಹಾಕುವುದಿಲ್ಲ, ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಾಜು ಜಾತ್ರೆಗಿಂತ ಗಟ್ಟಿಯಾದ ನಂಟು ಬೇರೆ ಕಡೆ ಕಾಣುತ್ತದೆ. ಕ್ವಾನ್‌ಝೌನ ಎದುರಿಗೇ ಇರುವ ಕಿನ್ಮೆನ್ ದ್ವೀಪ ತೈವಾನಿನ ಆಡಳಿತದಲ್ಲಿದೆ. ಅಲ್ಲಿ ಸಿಹಿನೀರಿಗೆ ಬರ. 2015ರಲ್ಲಿ 30 ವರ್ಷದ ಒಪ್ಪಂದ ಆಯಿತು. 2018ರ ಆಗಸ್ಟಿನಿಂದ ಜಿನ್‌ಜಿಯಾಂಗ್‌ನ ಕೆರೆಯ ನೀರು ಸಮುದ್ರದ ತಳದ ಪೈಪಿನಲ್ಲಿ ಕಿನ್ಮೆನ್‌ಗೆ ಹೋಗುತ್ತಿದೆ. ಉದ್ಘಾಟನೆಯ ಸಮಾರಂಭ ಮುಂದಕ್ಕೆ ಹಾಕಿ ಅಂತ ತೈಪೆಯ ಸರ್ಕಾರ ಹೇಳಿತ್ತು. ಕಿನ್ಮೆನ್‌ನ ಸ್ಥಳೀಯ ಆಡಳಿತ ಕೇಳಲಿಲ್ಲ, ಸಮಾರಂಭ ಮಾಡಿಯೇ ಬಿಟ್ಟಿತು. ಆ ನೀರಿಗೆ ಅವರು ದುಡ್ಡು ಕೊಡುತ್ತಾರೆ.